ಅತ್ತೆಯ ನಿಂಬೆಹಣ್ಣು

ಊರಿಂದ ಅತ್ತೆ ಬಂದಿದ್ದಾರೆ, ಎಲ್ಲಾದರೂ ಕರೆದುಕೊಂಡು ಹೋಗೋಣ ಅಂತ ನಾನೇ ಹೇಳಿದ್ದು, ನಿಜ. ನನ್ನ ತಲೆಯಲ್ಲಿ ಇದ್ದದ್ದು ಆಸ್ಟ್ರೇಲಿಯಾದಲ್ಲಿ ನಾವಿರುವ ಅಡಿಲೇಡಿನಿಂದ ಒಂದು ಗಂಟೆ ದೂರದ ಯಾವುದಾದರೂ ಬೀಚು, ಒಂದು ಡಬ್ಬಿ ಪುಳಿಯೋಗರೆ, ಸಂಜೆ ದೀಪ ಹಚ್ಚೋ ಹೊತ್ತಿಗೆ ಮನೆ. ಆದರೆ ನಮ್ಮನೆಯವರು ಮ್ಯಾಪ್ ತೆಗೆದುಕೊಂಡು ಕೂತರೆ ಇಂಥ ಸಣ್ಣಪುಟ್ಟ ಆಸೆಗಳು ಅದರಲ್ಲಿ ಕಾಣಿಸುವುದೇ ಇಲ್ಲ. ಸೆಪ್ಟೆಂಬರ್ ಕೊನೆಯ ಸ್ಕೂಲ್ ರಜೆಗೆ ಐರ್ ಪೆನಿನ್ಸುಲಾ ಅನ್ನುವ ಪರ್ಯಾಯದ್ವೀಪ, ಮೊದಲು ಪೋರ್ಟ್ ಲಿಂಕನ್‌ನಲ್ಲಿ ಕಡಲಸಿಂಹಗಳ ಜೊತೆ ಈಜು, ಆಮೇಲೆ ಪಶ್ಚಿಮಕ್ಕೆ ಹೋಗಿ ತಿಮಿಂಗಿಲ ದರ್ಶನ, ಒಟ್ಟು ಎಂಟು ದಿನ ಅಂತ ಘೋಷಣೆ ಮಾಡಿದರು.

ಪೋರ್ಟ್ ಲಿಂಕನ್‌ಗೇ ಸುಮಾರು 650 ಕಿಲೋಮೀಟರ್. ವಿಮಾನದಲ್ಲಾದರೆ ಒಂದು ಗಂಟೆಯೂ ಬೇಡ. "ವಿಮಾನದಲ್ಲಿ ಹೋದ್ರೆ ದಾರಿಯಲ್ಲಿ ಏನು ಕಾಣುತ್ತೆ?" ಅಂದರು. ಕಾರಿನಲ್ಲಿ ಏಳು ಗಂಟೆ ಕೂತು ನಾವು ಕಂಡದ್ದು ಗೋಧಿ ಹೊಲ, ಗೋಧಿ ತುಂಬುವ ದೊಡ್ಡ ದೊಡ್ಡ ಸೈಲೋ, ಮತ್ತೆ ಗೋಧಿ ಹೊಲ.

ನಾನು ಆ ಮ್ಯಾಪನ್ನು ಸ್ವಲ್ಪ ಗಮನ ಕೊಟ್ಟು ಓದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಈ ಕರಾವಳಿಯ ಎಷ್ಟೋ ಜಾಗ, ಕೊಲ್ಲಿಗಳಿಗೆ ಈಗಿನ ಹೆಸರು ಇಟ್ಟವನು ಮ್ಯಾಥ್ಯೂ ಫ್ಲಿಂಡರ್ಸ್ ಅನ್ನುವ ಇಂಗ್ಲಿಷ್ ನಾವಿಕ. 1802ರಲ್ಲಿ 'ಇನ್ವೆಸ್ಟಿಗೇಟರ್' ಅನ್ನುವ ಹಡಗಿನಲ್ಲಿ ನಕ್ಷೆ ಬರೆಯುತ್ತಾ ಹೋದ. (ಅವನಿಗಿಂತ ಸಾವಿರಾರು ವರ್ಷ ಮೊದಲೇ ಬಾರ್ನ್‌ಗಾರ್ಲಾ, ನಾವೊ ಜನ ಅಲ್ಲಿ ತಮ್ಮದೇ ಹೆಸರು ಇಟ್ಟುಕೊಂಡು ಸುಖವಾಗಿದ್ದರು. ಅದನ್ನು ಕೇಳುವ ಪುರುಸೊತ್ತು ಇವನಿಗಿರಲಿಲ್ಲ.) ಪಾಪ, ಒಳ್ಳೆ ಮೂಡಿನಲ್ಲಿ ಇದ್ದ ಹಾಗೆ ಕಾಣುವುದಿಲ್ಲ. ಒಂದು ಆಂಕ್ಷಿಯಸ್ ಬೇ, ಅಂದರೆ ಆತಂಕದ ಕೊಲ್ಲಿ. ಒಂದು ಅವಾಯ್ಡ್ ಬೇ, ಈ ಕಡೆ ತಲೆ ಹಾಕಬೇಡಿ ಅನ್ನುವ ಕೊಲ್ಲಿ. ಒಳನಾಡಿಗೆ ದಾರಿ ಸಿಗುತ್ತೆ ಅಂತ ಆಸೆ ಹುಟ್ಟಿಸಿ ಕೈಕೊಟ್ಟದ್ದು ಡಿನೈಯಲ್ ಬೇ. ಇವೆಲ್ಲದರ ಮೇಲೆ ಕೇಪ್ ಕೆಟಾಸ್ಟ್ರಫಿ, ಅನಾಹುತದ ಭೂಶಿರ. ಕಾಫಿನ್ ಬೇ ಅಂತಲೂ ಇದೆ, ಅದು ಮಾತ್ರ ಶವಪೆಟ್ಟಿಗೆಯಲ್ಲ, ಐಸಾಕ್ ಕಾಫಿನ್ ಅನ್ನುವ ನೌಕಾಪಡೆಯ ಅಧಿಕಾರಿಯ ಹೆಸರು. ಇದನ್ನು ಅತ್ತೆಗೆ ಎಷ್ಟು ಬಿಡಿಸಿ ಹೇಳಿದರೂ ಆ ಊರಲ್ಲಿ ರಾತ್ರಿ ಮಲಗಲು ಒಪ್ಪಲಿಲ್ಲ. ಊರೆಲ್ಲ ಸಿಂಪಿ ತಿನ್ನುವ ಜನ, ನಮಗೆ ಹೇಗೂ ಅಲ್ಲಿ ಚಿಪ್ಸ್ ಬಿಟ್ಟರೆ ಗತಿ ಇರಲಿಲ್ಲ.

ಪೋರ್ಟ್ ಲಿಂಕನ್ ತಲುಪಿದ ಸಂಜೆ ಅತ್ತೆ ಮೊದಲು ಕೇಳಿದ್ದು ನಿಂಬೆಹಣ್ಣು. ಆಗುಂಬೆ ಘಾಟಿಯಲ್ಲಿ ಬಸ್ಸು ಹತ್ತಿದವರಿಗೆ ನಿಂಬೆಹಣ್ಣಿನ ಬೆಲೆ ಗೊತ್ತು, ಸಮುದ್ರಕ್ಕೆ ಬೇರೆ ನ್ಯಾಯ ಇದೆಯಾ ಅಂತ ಅವರ ವಾದ. ಹತ್ತು ಹಣ್ಣು ಕೊಂಡೆವು. ಎರಡನ್ನು ಅಲ್ಲೇ ಮೋಟೆಲಿನ ಅಂಗಳದಲ್ಲಿ ಕಾರಿನ ಮುಂದಿನ ಚಕ್ರಗಳಿಗೆ ಇಟ್ಟು ಹತ್ತಿಸಿದ್ದಾಯಿತು. ಬಟ್ಟೆ ಒಣಹಾಕುತ್ತಿದ್ದ ಮೋಟೆಲಿನಾಕೆ ನೋಡಿದರು. ಏನೂ ಕೇಳಲಿಲ್ಲ. ಮಾರನೇ ದಿನ ಮಾತ್ರ ನಮ್ಮ ರೂಮಿನ ಮುಂದೆ ಪೊರಕೆ ಇಟ್ಟಿದ್ದರು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಬೋಟು. ಹೊರಡುವಾಗ ಅತ್ತೆ ಬಾಗಿಲಲ್ಲೇ ನಿಂತರು.

"ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ ಕಣೋ. ಯಾರಾದ್ರೂ ನೀರಿಗಿಳೀತಾರಾ?"

ನಮ್ಮನೆಯವರು ಇದಕ್ಕೆ ಸಿದ್ಧವಾಗೇ ಇದ್ದರು. ಅತ್ತೆ ಬಂದಾಗಿನಿಂದ ಕೈಗಡಿಯಾರವನ್ನು ಊರಿನ ಟೈಮಿನಲ್ಲೇ ಇಟ್ಟಿದ್ದಾರೆ. ಇಲ್ಲಿಗೂ ಅಲ್ಲಿಗೂ ಆಗ ಸರಿಯಾಗಿ ನಾಲ್ಕು ಗಂಟೆ ವ್ಯತ್ಯಾಸ. "ಅಮ್ಮ, ನಿನ್ನ ವಾಚ್ ನೋಡ್ಕೋ. ಇನ್ನೂ ನಾಲ್ಕು ಗಂಟೆ, ಬ್ರಾಹ್ಮೀ ಮುಹೂರ್ತ!" ಅತ್ತೆ ವಾಚ್ ನೋಡಿದರು, ಆಕಾಶ ನೋಡಿದರು, ಮಗನನ್ನು ನೋಡಿದರು. ಆಮೇಲೆ ಬೋಟು ಹತ್ತಿದರು, ಆದರೆ ಆ ನೋಟದ ಬಡ್ಡಿಯನ್ನು ಇವರು ಇನ್ನೊಂದು ಅರ್ಧ ಗಂಟೆಯಲ್ಲೇ ಕಟ್ಟಿದರು.

ಮುರುಡೇಶ್ವರದಿಂದ ನೇತ್ರಾಣಿಗೆ ಬೋಟಿನಲ್ಲಿ ಹೋಗಿ ಬಂದವನು ನಾನು, ನನಗೆಲ್ಲ ವಾಂತಿ ಮಾತ್ರೆ ಬೇಡ ಅಂತ ಇವರು ಹಿಂದಿನ ರಾತ್ರಿಯೇ ಹೇಳಿಬಿಟ್ಟಿದ್ದರು. ಬೋಟು ಕೊಲ್ಲಿ ದಾಟುವವರೆಗೆ ಅದು ಸರಿಯಾಗೇ ಇತ್ತು. ಪೋರ್ಟ್ ಲಿಂಕನ್‌ನ ಬಾಸ್ಟನ್ ಬೇ ಸಿಡ್ನಿ ಬಂದರಿಗಿಂತ ಮೂರು ಪಟ್ಟು ದೊಡ್ಡದು, ಒಳಗೆ ನೀರು ಕಲ್ಯಾಣಿ ಥರ ತಣ್ಣಗೆ. ಅದನ್ನು ದಾಟಿದ ಮೇಲೆ ದಕ್ಷಿಣ ಸಾಗರದ ಅಲೆ. ಅಂಟಾರ್ಟಿಕಾದವರೆಗೆ ಅಡ್ಡ ಬರಲು ಏನೂ ಇಲ್ಲದ ಅಲೆ. ನೇತ್ರಾಣಿ ಶೂರರು ಮೊದಲು ಮಾತು ನಿಲ್ಲಿಸಿದರು, ಆಮೇಲೆ ಬಿಳಿಚಿಕೊಂಡರು, ಆಮೇಲೆ ಬೋಟಿನ ಹಿಂಭಾಗಕ್ಕೆ ಹೋಗಿ ಕಂಬಿ ಹಿಡಿದು ನಿಂತವರು ಈ ಕಡೆ ತಿರುಗಲೇ ಇಲ್ಲ. ಅತ್ತೆ ಒಂದು ಮಾತೂ ಆಡದೆ ಚೀಲದಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಗೀರಿ, ಮಗನ ಮೂಗಿಗೆ ಹಿಡಿದರು.

ಅಷ್ಟರಲ್ಲಿ ಗೈಡ್ ಹುಡುಗಿ ಫ್ಲಿಂಡರ್ಸ್ ಕಥೆ ಶುರು ಮಾಡಿದಳು. 1802ರ ಫೆಬ್ರವರಿಯಲ್ಲಿ ಕುಡಿಯುವ ನೀರು ಹುಡುಕಲು ಹೋದ ದೋಣಿಯೊಂದು ಸಂಜೆ ವಾಪಸ್ ಬರುವಾಗ ಇಲ್ಲೇ ಮುಗುಚಿಕೊಂಡಿತು. ಎಂಟು ಜನರಲ್ಲಿ ಒಬ್ಬರೂ ಸಿಗಲಿಲ್ಲ. ಅನಾಹುತದ ಭೂಶಿರ ಅನ್ನುವ ಹೆಸರು ಬಂದದ್ದು ಹಾಗೆ. ಸುತ್ತಲಿನ ದ್ವೀಪಗಳಿಗೆ ಆ ಎಂಟು ಜನರ ಹೆಸರು ಇಟ್ಟಿದ್ದಾರೆ. ನಾವು ಈಜಲು ಹೋಗುತ್ತಿದ್ದ ಹಾಪ್‌ಕಿನ್ಸ್ ದ್ವೀಪವೂ ಅದರಲ್ಲಿ ಒಂದು. ಅವರಲ್ಲಿ ಥಿಸಲ್ ಅನ್ನುವವನಿಗೆ ಹಡಗು ಹತ್ತುವ ಮೊದಲೇ ಇಂಗ್ಲೆಂಡಿನಲ್ಲಿ ಒಬ್ಬ ಮುದುಕ ಭವಿಷ್ಯ ಹೇಳಿದ್ದನಂತೆ, ನಿಮ್ಮ ಹಡಗಿಗೆ ಇನ್ನೊಂದು ಹಡಗು ಬಂದು ಸೇರುತ್ತೆ, ಅಷ್ಟರೊಳಗೆ ನೀನು ಇರುವುದಿಲ್ಲ ಅಂತ. ಫ್ಲಿಂಡರ್ಸ್ ಅದನ್ನು ಬರೆದಿಟ್ಟಿದ್ದಾನೆ. ಈಜಲು ಹೊರಟವರಿಗೆ ಇದನ್ನೆಲ್ಲ ಯಾಕೆ ಹೇಳಬೇಕೋ ನನಗೆ ತಿಳಿಯಲಿಲ್ಲ. ನನ್ನ ಮಗ ಒಂದಕ್ಷರ ಬಿಡದೆ ಅಜ್ಜಿಗೆ ಅನುವಾದ ಮಾಡಿದ.

"ಹಿರಿಯರು ಹೇಳಿದ್ದನ್ನ ಕೇಳಿದ್ರೆ ತಾನೆ," ಅಂದರು ಅತ್ತೆ, ಮಗನ ಬೆನ್ನು ನೀವುತ್ತಾ.

ಈಗ ವೆಟ್‌ಸೂಟ್ ವಿಷಯ, ಅಂದರೆ ಈಜುವಾಗ ಚಳಿಗೆ ಹಾಕಿಕೊಳ್ಳುವ, ಮೈಗೆ ಅಂಟುವ ರಬ್ಬರ್ ಉಡುಪು. ಅದನ್ನು ಹಾಕಿಕೊಳ್ಳುವುದೆಂದರೆ ಎಂಟನೇ ಕ್ಲಾಸಿನ ಚೂಡಿದಾರಕ್ಕೆ ಈಗಿನ ನಾನು ತೂರಿಕೊಳ್ಳುವುದು, ಅದೂ ಅಲ್ಲಾಡುವ ಬೋಟಿನಲ್ಲಿ. ಜಿಪ್ ಮುಂದೆ ಬರಬೇಕು ಅಂತ ನಾನು ಅಂದುಕೊಂಡದ್ದರಲ್ಲಿ ತಪ್ಪೇನಿದೆ, ಜಗತ್ತಿನಲ್ಲಿ ಎಲ್ಲ ಜಾಕೆಟ್ಟಿಗೂ ಹಾಗೇ ಅಲ್ವಾ? ಹದಿನೈದು ನಿಮಿಷ ಒದ್ದಾಡಿ, ಗೆದ್ದ ಖುಷಿಯಲ್ಲಿ ಹೊರಗೆ ಬಂದೆ. ಗೈಡ್ ಹುಡುಗಿ ತುಂಬಾ ಮೃದುವಾಗಿ, ನಿಮ್ಮ ಮೊಣಕಾಲಿನ ಪಟ್ಟಿ ಹಿಂದಕ್ಕೆ ಬಂದಿದೆ, ಅಂದಳು. ಮತ್ತೆ ಬಿಚ್ಚಿ, ಮತ್ತೆ ಹಾಕಿ. ಎರಡನೇ ಸಲ ಅತ್ತೆ ಎರಡೂ ಭುಜ ಹಿಡಿದು, ದಿಂಬಿಗೆ ಕವರ್ ಹಾಕಿದ ಹಾಗೆ ಕುಲುಕಿ ಇಳಿಸಿದರು.

ನೀರಿಗೆ ಧುಮುಕುವ ಮೊದಲು ನನಗೆ ಒಂದು ಯೋಚನೆ ಬಂತು. ಇದು ದೊಡ್ಡ ಬಿಳಿ ಶಾರ್ಕ್ ಇರುವ ಸಮುದ್ರ. ಇಲ್ಲಿಂದ ಇನ್ನೂ ಸ್ವಲ್ಪ ದಕ್ಷಿಣದ ನೆಪ್ಚೂನ್ ದ್ವೀಪಗಳಲ್ಲಿ ಜನ ದುಡ್ಡು ಕೊಟ್ಟು, ಪಂಜರದೊಳಗೆ ಕೂತು ಅದನ್ನು ನೋಡುತ್ತಾರೆ. ಆ ಶಾರ್ಕಿಗೆ ಇಷ್ಟದ ಊಟ ಕಡಲಸಿಂಹ ಮತ್ತು ಸೀಲ್. ನಾನು ಕಪ್ಪಗೆ, ಗುಂಡಗೆ, ನುಣ್ಣಗೆ ಹೊಳೆಯುತ್ತಾ ನಿಂತಿದ್ದೇನೆ. ಶಾರ್ಕ್ ಓಡಿಸುವ ಕರೆಂಟಿನ ಉಪಕರಣ ನೀರಲ್ಲಿ ಬಿಟ್ಟಿದ್ದೇವೆ ಅಂತ ಹುಡುಗಿ ತೋರಿಸಿದಳು. ನಮ್ಮೂರಿನ ಕರೆಂಟ್ ನಂಬಿ ಬೆಳೆದವಳು ನಾನು, ನನಗೆಲ್ಲಿಂದ ಧೈರ್ಯ ಬರಬೇಕು.

ಆಸ್ಟ್ರೇಲಿಯಾದ ಕಡಲಸಿಂಹ ಈ ದೇಶದ ದಕ್ಷಿಣ ಮತ್ತು ಪಶ್ಚಿಮದ ಕರಾವಳಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅಳಿವಿನ ಅಂಚಿನಲ್ಲಿದೆ. ಮರಿ ಹಾಕುವುದೂ ಹೆಚ್ಚುಕಡಿಮೆ ಒಂದೂವರೆ ವರ್ಷಕ್ಕೊಮ್ಮೆ. ಹಾಗಾಗಿ ಮುಟ್ಟುವ ಹಾಗಿಲ್ಲ, ಅಟ್ಟಿಸಿಕೊಂಡು ಹೋಗುವ ಹಾಗಿಲ್ಲ, ಅವೇ ನಮ್ಮ ಹತ್ತಿರ ಬರಬೇಕು. ಗಂಡು ಒಂದು ಮರಳಿನ ಮೇಲೆ ಬಿದ್ದುಕೊಂಡಿತ್ತು, 200 ಕೆಜಿಗೂ ಜಾಸ್ತಿ ತೂಗುವ ಯಜಮಾನ. ಅದರ ತಂಟೆಗಂತೂ ಹೋಗಲೇಬಾರದು. ಅವಕ್ಕೆ ಬೇಜಾರಾದರೆ ಹೊರಟುಹೋಗುತ್ತವೆ, ಆದ್ದರಿಂದ ಸುಮ್ನೆ ತೇಲಬೇಡಿ, ಸುತ್ತಿ, ಮುಳುಗಿ, ಹಾಡಿ, ಅಂದಳು ಹುಡುಗಿ. ಬಾಯಲ್ಲಿ ಕೊಳವೆ ಇಟ್ಟುಕೊಂಡು ಹಾಡುವುದು ಹೇಗೆ? ಆ ಚಳಿಯಲ್ಲಿ ನನಗೆ ನೆನಪಾದದ್ದು ಮಂಗಳಾರತಿ ಹಾಡು ಒಂದೇ. ಅದನ್ನೇ ಗೊರಗೊರ ಅಂತ ಶುರು ಮಾಡಿದೆ.

ಎರಡನೇ ಸಾಲಿಗೆ ಬಂದುಬಿಟ್ಟಿತು. ಕನ್ನಡಕದ ಗಾಜಿಗೆ ಮೂಗು ತಾಗುವಷ್ಟು ಹತ್ತಿರ, ನಾಯಿಮರಿ ಮುಖ, ಇಷ್ಟಗಲ ಕಣ್ಣು, ನೆಟ್ಟಗೆ ನಿಂತ ಮೀಸೆ. ನಾನು ಕಿರುಚಿದೆ. ಕಿರುಚಲು ಬಾಯಿ ತೆರೆದಾಗ ಅರ್ಧ ಲೋಟ ಸಮುದ್ರ ಒಳಗೆ ಹೋಯಿತು. ಕೆಮ್ಮಿ ಒದ್ದಾಡುವಾಗ ಕಾಲಿಗೆ ಹಾಕಿದ್ದ ಈಜುವ ರೆಕ್ಕೆ ಎರಡೂ ಸಿಕ್ಕಿಕೊಂಡು ನಾನು ಪಲ್ಟಿ ಹೊಡೆದೆ. ಕಡಲಸಿಂಹವೂ ಪಲ್ಟಿ ಹೊಡೆಯಿತು. ನೆಟ್ಟಗಾಗಲು ನಾನು ಇನ್ನೊಂದು ಸುತ್ತು ಸುತ್ತಿದರೆ ಅದು ಎರಡು ಸುತ್ತು ಸುತ್ತಿತು, ಇನ್ನೊಂದು ಬಂದು ಸೇರಿಕೊಂಡಿತು, ಮೂರನೆಯದು ನನ್ನ ಕಾಲಿನ ರೆಕ್ಕೆಯನ್ನು ಬಾಯಲ್ಲಿ ಹಿಡಿದು ಜಗ್ಗಿ ನೋಡಿತು. ನಾನು ಪ್ರಾಣ ಉಳಿಸಿಕೊಳ್ಳಲು ಮಾಡಿದ್ದೆಲ್ಲವೂ ಅವಕ್ಕೆ ಆಟ. ಇಷ್ಟು ಚೆನ್ನಾಗಿ ಆಡಿಸಿದವರನ್ನು ಈ ಸೀಸನ್ನಿನಲ್ಲಿ ನೋಡಿಲ್ಲ ಅಂತ ಹುಡುಗಿ ಆಮೇಲೆ ಹೊಗಳಿದಳು. ನಾನು ಬೇಡ ಅನ್ನಲಿಲ್ಲ. ನೀರೊಳಗಿನ ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು, ತಿರುಗಾಮುರುಗಾ ಹಿಡಿದಿದ್ದೆ. ಹನ್ನೊಂದು ನಿಮಿಷದ ವಿಡಿಯೋ ಪೂರ್ತಿ ನನ್ನ ಮೂಗಿನ ಹೊಳ್ಳೆ.

ಏಣಿ ಹತ್ತಿ ಮೇಲೆ ಬಂದಾಗ ಅತ್ತೆ ಟವೆಲ್ ಹಿಡಿದು ನಿಂತಿದ್ದರು. "ಮುಗೀತೇನಮ್ಮ ಸ್ನಾನ?"

ಇಷ್ಟು ದುಡ್ಡು ಕೊಟ್ಟು, ಇಷ್ಟು ವಾಂತಿ ಮಾಡಿ ಎರಡು ದಿನ ಆದ ಮೇಲೆ ಪಾಯಿಂಟ್ ಲಬಾಟ್ ಅನ್ನುವ ಜಾಗಕ್ಕೆ ಹೋದೆವು. ಸ್ಟ್ರೀಕಿ ಬೇ ಊರಿನ ದಕ್ಷಿಣಕ್ಕೆ, ಮಣ್ಣಿನ ರಸ್ತೆ. ಬಂಡೆಯ ಮೇಲೆ ನಿಂತು ಕೆಳಗೆ ನೋಡಿದರೆ ಅಲ್ಲಿ ಕಡಲಸಿಂಹಗಳು ಒಣಹಾಕಿದ ಹಪ್ಪಳದ ಹಾಗೆ ಸಾಲಾಗಿ ಬಿದ್ದುಕೊಂಡಿದ್ದವು. ಬೋಟು ಬೇಡ, ವೆಟ್‌ಸೂಟ್ ಬೇಡ, ಟಿಕೆಟ್ಟೂ ಇಲ್ಲ. ನಾನು ನಮ್ಮನೆಯವರ ಮುಖ ನೋಡಿದೆ. ಅವರು ಬೈನಾಕ್ಯುಲರ್‌ನಿಂದ ಕಣ್ಣು ತೆಗೆಯಲಿಲ್ಲ.

ಸೆಡೂನಾ ಅನ್ನುವ ಊರು ದಾಟಿ ಇನ್ನೂ 300 ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ಹೆಡ್ ಆಫ್ ಬೈಟ್, ತಿಮಿಂಗಿಲ ನೋಡುವ ಜಾಗ. ಮೂಲನಿವಾಸಿಗಳ ನೆಲ. ಆಚೆ ನಲ್ಲರ್‌ಬೋರ್ ಬಯಲು, ಅದರ ಹೆಸರಿನ ಅರ್ಥವೇ ಲ್ಯಾಟಿನ್‌ನಲ್ಲಿ ಮರ ಇಲ್ಲ ಅಂತ. ಮರ ಇಲ್ಲದ ಊರಲ್ಲಿ, ಟಾಯ್ಲೆಟ್ ಇಲ್ಲದ ಹೆದ್ದಾರಿಯಲ್ಲಿ, ಸೀರೆಯುಟ್ಟ ಅತ್ತೆಗೆ ಅರ್ಜೆಂಟಾದರೆ ಏನೇನಾಗುತ್ತದೆ ಅನ್ನುವುದನ್ನು ಬರೆಯುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ.

ಹೆಡ್ ಆಫ್ ಬೈಟ್‌ಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಸದರ್ನ್ ರೈಟ್ ತಿಮಿಂಗಿಲಗಳು ಮರಿ ಹಾಕಲು ಬರುತ್ತವೆ. 'ರೈಟ್' ಅಂದರೆ ಬೇಟೆಗೆ ಸರಿಯಾದದ್ದು ಅಂತೆ. ನಿಧಾನಕ್ಕೆ ಈಜುತ್ತದೆ, ದಡಕ್ಕೆ ಹತ್ತಿರ ಬರುತ್ತದೆ, ಕೊಂದರೆ ಮುಳುಗದೆ ತೇಲುತ್ತದೆ, ಮೈತುಂಬ ಎಣ್ಣೆ. ಕೊಂದು ಕೊಂದು ಬಹುತೇಕ ಮುಗಿಸಿಯೇಬಿಟ್ಟಿದ್ದರು. ಈಗ ದಡದ ಬಂಡೆಯ ಅಂಚಿನಲ್ಲಿ ಮರದ ಹಲಗೆಯ ದಾರಿ ಮಾಡಿದ್ದಾರೆ, ಮೇಲೆ ನಿಂತು ನೋಡಬೇಕು. ಸೀಸನ್ನು ಮುಗಿಯುತ್ತಾ ಬಂದಿತ್ತು. ನೀರು ನೋಡಿ ನೋಡಿ ಒಂದು ಗಂಟೆ ಕಳೆಯಿತು, ನೂರಾರು ಫೋಟೋ ಬರೀ ನೀಲಿ. ನೊಣಗಳು ಮಾತ್ರ ಎಷ್ಟು ಬೇಕಾದರೂ ಇದ್ದವು. ಕಣ್ಣು, ಕಿವಿ, ಮೂಗು ಎಲ್ಲಿ ತೇವ ಕಂಡರೆ ಅಲ್ಲಿ. "ಅಯ್ಯೋ, ಅಲ್ಲಿ ನೋಡಿ!" ಅಂತ ನಾನು ಕೂಗಿದಾಗ ಒಂದು ನೇರ ಗಂಟಲಿಗೇ ಹೋಯಿತು. ಸಿಂಪಿಯ ಊರನ್ನೇ ಸಸ್ಯಾಹಾರಿಯಾಗಿ ದಾಟಿ ಬಂದವಳು ನಾನು. ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಕೆಳಗೆ ತಾಯಿ ತಿಮಿಂಗಿಲ, ಪಕ್ಕದಲ್ಲೇ ಮರಿ. ಬಿಎಂಟಿಸಿ ಬಸ್ಸಿಗಿಂತ ಉದ್ದದ ತಾಯಿ, ಉಸಿರು ಬಿಟ್ಟ ಸದ್ದು ಮೇಲಕ್ಕೂ ಕೇಳಿಸಿತು. ಯಾರೂ ಮಾತಾಡಲಿಲ್ಲ, ನಮ್ಮ ಮಗನೂ ಸೇರಿ. ಅಂಟಾರ್ಟಿಕಾ ಕಡೆಯ ತಣ್ಣೀರಿನಲ್ಲಿ ತಿಂದು ಕೊಬ್ಬಿ ಇಲ್ಲಿಗೆ ಬರುತ್ತೆ, ಇಲ್ಲಿರುವ ತಿಂಗಳುಗಳಲ್ಲಿ ತಾನು ಹೆಚ್ಚುಕಡಿಮೆ ಏನೂ ತಿನ್ನದೆ ಮರಿಗೆ ಹಾಲು ಕೊಡುತ್ತೆ, ಹುಟ್ಟಿದಾಗಲೇ ಮರಿ ಸುಮಾರು ಒಂದು ಟನ್ನು, ಅಂತ ಬೋರ್ಡಿನಲ್ಲಿದ್ದದ್ದನ್ನು ಮಗ ಓದಿ ಹೇಳಿದ.

"ಏನೂ ತಿನ್ನಲ್ವಾ?" ಅತ್ತೆಗೆ ತಡೆಯಲಾಗಲಿಲ್ಲ. "ಬಾಣಂತಿ ಕಣಮ್ಮ! ಇಷ್ಟು ದೂರ ಬಾಣಂತನಕ್ಕೆ ಬಂದಿದಾಳೆ, ಒಂದು ತುತ್ತು ಹಾಕೋರಿಲ್ವಾ?" ವಾಪಸ್ ಕಾರಿಗೆ ಬರುವವರೆಗೂ ಮೆಂತ್ಯದ ಮುದ್ದೆ, ಬೆಳ್ಳುಳ್ಳಿ, ಅಂಟಿನುಂಡೆ ಎಲ್ಲ ಆಯಿತು. ನನ್ನ ಬಾಣಂತನದಲ್ಲಿ ಇಷ್ಟು ಕಾಳಜಿ ತೋರಿಸಿದ್ದರೋ ಇಲ್ಲವೋ, ಆ ಮಾತು ಈಗ ಬೇಡ.

ವಾಪಸ್ ಬರುವಾಗ ಸೆಡೂನಾದ ಅಂಚಿನಲ್ಲಿ ಚೆಕ್‌ಪೋಸ್ಟ್. ಪಶ್ಚಿಮದಿಂದ ಬರುವ ವಾಹನಗಳನ್ನೆಲ್ಲ ನಿಲ್ಲಿಸಿ ಹಣ್ಣು ತರಕಾರಿ ಕಿತ್ತುಕೊಳ್ಳುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ಹಣ್ಣಿನ ನೊಣ ಈ ಕಡೆ ನುಗ್ಗದಿರಲಿ ಅಂತ. ನಮ್ಮ ಹತ್ತು ನಿಂಬೆಹಣ್ಣಿನಲ್ಲಿ ಚಕ್ರಕ್ಕೆ ಎರಡು, ಇವರ ಮೂಗಿಗೆ ಒಂದು, ಚಿತ್ರಾನ್ನಕ್ಕೆ ಎರಡು ಹೋಗಿ ಇನ್ನೂ ಐದು ಉಳಿದಿದ್ದವು. ಡಿನೈಯಲ್ ಬೇ ಕಡೆಗೆ ತಿರುಗುವ ಬೋರ್ಡು ಆಗಷ್ಟೇ ಹಿಂದೆ ಹೋಗಿತ್ತು.

"ಹಣ್ಣು, ತರಕಾರಿ ಏನಾದರೂ?" ಅಂತ ಕೇಳಿದ ಅಧಿಕಾರಿ.

"ನೋ, ನಥಿಂಗ್," ಅಂದರು ನಮ್ಮನೆಯವರು, ಪೂರ್ಣ ವಿಶ್ವಾಸದಿಂದ.

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಫ್ರೂಟ್ ಅನ್ನುವುದು ಅರಸೀಕೆರೆಯಲ್ಲೂ ಕನ್ನಡವೇ. "ಫ್ರೂಟಾ? ಇದೆಯಲ್ಲೋ!" ಅಂತ ಚೀಲದಿಂದ ಒಂದೊಂದಾಗಿ ಐದೂ ತೆಗೆದು ಕಿಟಕಿಯಿಂದ ಕೊಟ್ಟರು. ಇವರು ಸ್ಟೀರಿಂಗ್ ನೋಡುತ್ತಾ ಕೂತರು. ಇದು ಇದೇ ಪೋರ್ಟ್ ಲಿಂಕನ್‌ನಲ್ಲಿ ಕೊಂಡದ್ದು, ಸುಮ್ನೆ ಹೋಗಿ ವಾಪಸ್ ಬಂದಿದೆ ಅಂತ ಹೇಳಲು ನಾನು ಬಾಯಿ ತೆರೆದೆ, ಆದರೆ ಅವನು ಆಗಲೇ ಕೈಗವಸು ಹಾಕಿಕೊಳ್ಳುತ್ತಿದ್ದ.

ಹೇಗೂ ಬಿಸಾಕುತ್ತಾರೆ, ಒಂದನ್ನಾದರೂ ನಮ್ಮ ಗಾಡಿ ಚಕ್ರದ ಕೆಳಗೆ ಇಡಲಿ, ಇನ್ನೂ 800 ಕಿಲೋಮೀಟರ್ ಹೋಗಬೇಕು ಅಂತ ಅತ್ತೆಯ ಬೇಡಿಕೆ. ಇವರು ಅನುವಾದ ಮಾಡಲು ಒಪ್ಪಲಿಲ್ಲ. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ. ಉಳಿದವನು ಮಗ. ಅವನು ಅಜ್ಜಿಯ ಮಾತಿನಲ್ಲಿ ಮುಖ್ಯವಾದ ಅರ್ಧವನ್ನಷ್ಟೇ ಇಂಗ್ಲಿಷಿಗೆ ತಂದ: ಒಂದು ನಿಂಬೆಹಣ್ಣು, ಕಾರಿನ ಕೆಳಗೆ.

ಅಧಿಕಾರಿಯ ಮುಖ ಬದಲಾಯಿತು. ಎಂಜಿನ್ ಆಫ್ ಮಾಡಲು ಹೇಳಿ, ಒಳಗಿಂದ ಟಾರ್ಚ್ ತಂದು, ಮುಂದಿನ ಚಕ್ರದ ಹತ್ತಿರ ಮಂಡಿಯೂರಿ, ನೆಲಕ್ಕೆ ಹಣೆ ತಾಗುವಷ್ಟು ಬಗ್ಗಿದ.

ಅತ್ತೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. "ಎಷ್ಟು ಭಕ್ತಿ ನೋಡಮ್ಮ ಹುಡುಗನಿಗೆ," ಅಂದರು.