ಒಗ್ಗರಣೆಗೆ ಇಂಗ್ಲಿಷಿನಲ್ಲಿ ಏನಂತೀರಿ?

ನಮ್ಮಕ್ಕ ಮನೆಯಲ್ಲೇ ಚಟ್ನಿಪುಡಿ, ಸಾರಿನಪುಡಿ ಮಾಡಿ ಮಾರುತ್ತಾಳೆ. ಪೊಟ್ಟಣದ ಮೇಲೆ ಕನ್ನಡದಲ್ಲಿ ‘ಒಗ್ಗರಣೆ’ ಅಂತ ಹೆಸರು. ಆ ಹೆಸರಲ್ಲಿ ಬೇರೆಯವರು ಮಾರದ ಹಾಗೆ ಟ್ರೇಡ್‌ಮಾರ್ಕ್ ಮಾಡಿಸೋಣ ಅಂತ ಹೋದ ವಾರ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. 2017ರ ನಿಯಮದ ಪ್ರಕಾರ ಹೆಸರು ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯಲ್ಲಿದ್ದರೆ ಅದರ ಅರ್ಥವನ್ನು ಆ ಎರಡರಲ್ಲೊಂದು ಭಾಷೆಯಲ್ಲಿ ಬರೆದುಕೊಡಬೇಕು. ನಾನು ‘ಟೆಂಪರಿಂಗ್’ ಅಂತ ಹೊಡೆದೆ. ಅಕ್ಕ ಬಗ್ಗಿ ನೋಡಿ, “ಅದು ಕಬ್ಬಿಣ ಕಾಯಿಸೋದಲ್ವೇನೋ?” ಅಂದಳು. ‘ತಡ್ಕಾ’ ಅಂತ ಬರೆಯಲು ಅವಳಿಗೆ ಸುತಾರಾಂ ಇಷ್ಟವಿಲ್ಲ.

ಬೆಂಗಳೂರಲ್ಲಿ ಕೂತು ಕನ್ನಡಕ್ಕೆ ಅರ್ಥ ಹೇಳಬೇಕಾ ಅಂತ ನನಗೂ ಸಿಟ್ಟು ಬಂದಿತ್ತು. ಆದರೆ ಅರ್ಥ ಕೇಳದೆ ಬಿಟ್ಟರೆ ಏನಾಗುತ್ತದೆ ನೋಡಿ.

ಜರ್ಮನ್ ಭಾಷೆಯಲ್ಲಿ ಹಾಸಿಗೆಗಳಿಗೆ ‘ಮಾಟ್ರಾಟ್ಸನ್’ ಅಂತಾರೆ. ಸ್ಪೇನಿನಲ್ಲಿ ಒಂದು ಕಂಪನಿ ಹಾಸಿಗೆ ಮಾರಲು ಅದೇ ಪದವನ್ನು ತನ್ನ ಹೆಸರಿಗೆ ಬರೆಸಿಕೊಂಡಿತ್ತು. ಹೆಸರಲ್ಲಿ ಅದೇ ಪದ ಇಟ್ಟುಕೊಂಡಿದ್ದ ಇನ್ನೊಂದು ಹಾಸಿಗೆ ಕಂಪನಿಗೆ ಇದು ಅಡ್ಡ ಬಂತು. 2006ರಲ್ಲಿ ಯುರೋಪಿನ ನ್ಯಾಯಾಲಯ ಏನಂದಿತು ಗೊತ್ತಾ? ಸ್ಪೇನಿನ ವ್ಯಾಪಾರಿಗೂ ಗಿರಾಕಿಗೂ ಪದದ ಅರ್ಥ ತಿಳಿಯದಿದ್ದರೆ ತಕರಾರಿಲ್ಲ! ಅಂದರೆ ಅಲ್ಲಿ ಯಾರಾದರೂ ರಾಗಿಹಿಟ್ಟಿಗೆ ‘ರಾಗಿ’ ಅಂತಲೇ ಹೆಸರಿಟ್ಟು ಬೇಲಿ ಹಾಕಿಕೊಂಡರೆ?

ಈ ವಿಷಯದಲ್ಲಿ ಅಮೆರಿಕದವರ ದಾರಿಯೇ ವಾಸಿ. ಪರಭಾಷೆಯ ಪದವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ ನೋಡುತ್ತಾರೆ. ‘ವೆಟ್ಮಾಂ’ ಅನ್ನೋ ದುಬಾರಿ ಬಟ್ಟೆ ಬ್ರಾಂಡ್ ತನ್ನ ಹೆಸರಿಗೆ ಟ್ರೇಡ್‌ಮಾರ್ಕ್ ಕೇಳಿ 2025ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತಿತು. ಫ್ರೆಂಚಿನಲ್ಲಿ ಆ ಪದಕ್ಕೆ ಬಟ್ಟೆ ಅಂತಲೇ ಅರ್ಥ. ಬಟ್ಟೆ ಅಂಗಡಿಯವನು ‘ಬಟ್ಟೆ’ ನನ್ನದು ಅಂದರೆ ಆಗುತ್ತಾ?

ಅಲ್ಲೂ ಒಂದು ತೂತಿದೆ. ಅಮೆರಿಕದಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲದ ಭಾಷೆಯಾದರೆ ಹೀಗೆ ತಿರುಗಿಸಿ ನೋಡುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆ ಅಂದವರು 4.37 ಕೋಟಿ. ಆದರೂ ಅಲ್ಲಿನ ಅಧಿಕಾರಿಯ ಕಣ್ಣಿಗೆ ನಾವು ಯಾವ ಲೆಕ್ಕವೋ! ಅವನ ಊರಲ್ಲಿ ಎಷ್ಟು ಜನ ಕನ್ನಡ ಆಡುತ್ತಾರೆ ಅಂತ ಎಣಿಸಬಾರದು, ಆ ಪದವನ್ನು ದಿನಾ ಆಡುವವರನ್ನು ಕೇಳಬೇಕು ಅನ್ನೋದು ನನ್ನ ವಾದ.

ಕೊನೆಗೆ ಅಕ್ಕನೇ ಹೇಳಿ ಬರೆಸಿದಳು: ಬಿಸಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವು ಸಿಡಿಸುವುದು. ಆಮೇಲೆ ಕೇಳಿದಳು, “ನಾಳೆ ಎದುರುಮನೆಯವಳು ಒಗ್ಗರಣೆ ಪುಡಿ ಅಂತ ಮಾರಿದರೆ ತಡೀಬಹುದಾ?”

“ತಡೀಬಾರದು ಅಕ್ಕ. ಒಗ್ಗರಣೆ ಎಲ್ಲರದ್ದೂ ಅಲ್ವಾ?”

“ಹಾಗಾದ್ರೆ ನಾಲ್ಕೂವರೆ ಸಾವಿರ ಫೀಸು ಯಾಕೋ ಕಟ್ಟಬೇಕು?”

ಫಾರಂ ಇನ್ನೂ ಹಾಗೇ ಇದೆ.