ನಾಟಕದ ಕ್ಲಾಸಿಗೆ ಹುಣಸೆ ಬೀಜದ ಬಹುಮಾನ ಬೇಕಾ?

ಪರ

ನಾಟಕದ ಪೀರಿಯಡ್ ಅಂದರೆ ಬೆಂಚುಗಳೆಲ್ಲ ಗೋಡೆಗೆ, 40 ಮಕ್ಕಳು ನಡುವೆ. ಗಣಿತದ ಕ್ಲಾಸಿನಲ್ಲಿ ಅರ್ಧ ಶಿಸ್ತನ್ನು ಬೆಂಚೇ ಕಾಯುತ್ತದೆ. ಇಲ್ಲಿ ಅದೂ ಇಲ್ಲ. ಕೋಲು ಹಿಡಿಯುವ ಹಾಗೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಒಳ್ಳೆಯದೇ ಆಯಿತು. ಆದರೆ ಉಳಿದದ್ದು ನನ್ನ ಗಂಟಲು ಮಾತ್ರ, ಎರಡೇ ತಿಂಗಳಲ್ಲಿ ಅದೂ ಕೈಕೊಟ್ಟಿತು.

ಆಮೇಲೆ ಮನೆಯಿಂದ ಗಾಜಿನ ಉಪ್ಪಿನಕಾಯಿ ಬಾಟಲಿ ತಂದೆ. 'ಫ್ರೀಜ್' ಅಂದ ಕೂಡಲೇ ಎಲ್ಲರೂ ಇದ್ದಲ್ಲೇ ನಿಂತರೆ ಅದಕ್ಕೊಂದು ಹುಣಸೆ ಬೀಜ. ಬೇರೆ ಗುಂಪಿನ ದೃಶ್ಯವನ್ನು ಗಲಾಟೆಯಿಲ್ಲದೆ ಕೊನೇವರೆಗೂ ನೋಡಿದರೆ ಇನ್ನೊಂದು. ಬೀಜ ಒಬ್ಬರದ್ದಲ್ಲ, ಇಡೀ ಕ್ಲಾಸಿನದ್ದು. ಬಾಟಲಿ ತುಂಬಿದ ದಿನ ಚಾಕೊಲೇಟ್ ಇಲ್ಲ, ವೇಷದ ಪೆಟ್ಟಿಗೆ ತೆಗೆಯುತ್ತೇನೆ. ಕಿರೀಟ, ಗದೆ, ಹಳೇ ಸೀರೆ, ಯಾವುದನ್ನು ಬೇಕಾದರೂ ಹಾಕಿಕೊಂಡು ಏನು ಬೇಕಾದರೂ ಆಡಬಹುದು. ಬಹುಮಾನವೂ ನಾಟಕವೇ, ಅಲ್ವಾ?

ಹೊಗಳಿಕೆಯೂ ಹಾಗೇ. ಸುಮ್ನೆ 'ವೆರಿ ಗುಡ್' ಅಂದರೆ ಏನೂ ತಿಳಿಯುವುದಿಲ್ಲ. 'ಅವಳು ಮಾತಾಡುವಾಗ ನೀನು ಪಕ್ಕಕ್ಕೆ ಸರಿದೆಯಲ್ಲ, ಅದು ಚೆನ್ನಾಗಿತ್ತು' ಅಂದರೆ ಮರುದಿನ ಇನ್ನೂ ಮೂವರು ಸರಿಯುತ್ತಾರೆ.

ವಿರೋಧ

ಬೀಜದ ಬಾಟಲಿಯನ್ನು ನಾನೂ ಇಟ್ಟು ನೋಡಿದೆ. ಒಂದು ದಿನ 5ನೇ ಕ್ಲಾಸಿನವರು ಸಂತೆಯ ದೃಶ್ಯ ಆಡುತ್ತಿದ್ದರು. ಬದನೆಕಾಯಿ ಮಾರುವವಳು ಸೊಂಟಕ್ಕೆ ಕೈಯಿಟ್ಟು ಗಿರಾಕಿಯ ಜೊತೆ ಜಗಳಕ್ಕೇ ನಿಂತಿದ್ದಳು. ತುಂಬಾ ಸೊಗಸಾಗಿ ಬರುತ್ತಿತ್ತು. ಅಷ್ಟರಲ್ಲಿ ಗಿರಾಕಿ ನನ್ನ ಕಡೆ ತಿರುಗಿ, 'ಮಿಸ್, ಇದಕ್ಕೆ ಬೀಜ ಹಾಕ್ತೀರಾ?' ಅಂದ. ಸಂತೆ ಅಲ್ಲಿಗೇ ಮುಗಿಯಿತು.

1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬಿಡಿಸುವುದು ಇಷ್ಟವಿದ್ದ ನರ್ಸರಿ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಎಂದು ಮೊದಲೇ ಆಸೆ ತೋರಿಸಿದ್ದರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾಗಿತ್ತು. ಹೇಳದೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಮಗ್ಗಿ ಬಾಯಿಪಾಠಕ್ಕೆ ಬೇಕಾದರೆ ಬೀಜ ಕೊಡಿ. ನಾಟಕಕ್ಕೆ ಮಕ್ಕಳು ಓಡಿ ಬರುತ್ತಾರೆ, ಅವರಿಗೆ ಯಾಕೆ?

ಬೀಜ ಇಡೀ ಕ್ಲಾಸಿನದ್ದು ಅನ್ನುವುದು ಕೇಳಲು ಚೆಂದ. ನನ್ನಲ್ಲೊಬ್ಬ ಹುಡುಗ, ಒಂದು ಕ್ಷಣ ನಿಂತಲ್ಲಿ ನಿಲ್ಲಲಾರ. 'ನಿನ್ನಿಂದಲೇ ಬೀಜ ಹೋಯ್ತು' ಅಂತ ಎಲ್ಲರೂ ಅವನ ಮೇಲೇ ಬೀಳುತ್ತಿದ್ದರು. ಮುಂದಿನ ವಾರ ಹೊಟ್ಟೆನೋವು ಅಂತ ಹೊರಗೆ ಕೂತ. ಇದು ಕೋಲಿಗಿಂತ ಎಷ್ಟು ಬೇರೆ?

ಕೊನೆಗೆ ಅವನ ಕೈಗೆ ತಮಟೆ ಕೊಟ್ಟೆ. ಅವನು ಬಾರಿಸುವಷ್ಟು ಹೊತ್ತು ಎಲ್ಲರೂ ಓಡಾಡಬೇಕು, ಅವನು ನಿಲ್ಲಿಸಿದರೆ ನಿಲ್ಲಬೇಕು. ನಾನು 'ಫ್ರೀಜ್' ಅನ್ನುವುದನ್ನೇ ಬಿಟ್ಟಿದ್ದೇನೆ. ಬಾಟಲಿ ಈಗ ಸಂತೆಯ ದೃಶ್ಯದಲ್ಲಿ ಉಪ್ಪಿನಕಾಯಿ ಅಂಗಡಿಯಲ್ಲಿದೆ.