ಪಾತಾಳಕ್ಕೆ 26 ಫಾರಂ

ಮೂರು ವರ್ಷ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕೂತು, ಒಂದು ಫ್ಯಾಂಟಸಿ ಕಾದಂಬರಿ ಬರೆದೆ. ಬಾವಿಗೆ ಬಿದ್ದ ಕೊಡಪಾನ ತೆಗೆಯಲು ಇಳಿದ ಹುಡುಗಿ ಪಾತಾಳದ ರಾಣಿಯಾಗುವ ಕಥೆ. ಬರೆಯುವುದೇ ಕಷ್ಟ ಅಂದುಕೊಂಡಿದ್ದೆ, ಪ್ರಕಾಶಕರಿಗೆ ಫೋನ್ ಮಾಡುವವರೆಗೆ.

ಮೊದಲನೆಯವರು "ಮಕ್ಕಳ ಪುಸ್ತಕನಾ ಮೇಡಂ?" ಅಂದರು. ಇಲ್ಲ ಸರ್, 14 ಕೊಲೆ ಇದೆ ಅಂದೆ. "ಹಾಗಾದ್ರೆ ಪತ್ತೇದಾರಿ ಅನ್ನಿ." ಕೊಲ್ಲುವುದು ಒಂದು ಹಾವು, ಅದು ಎಲ್ಲರಿಗೂ ಮೊದಲೇ ಗೊತ್ತು ಅಂತ ವಿವರಿಸುವಷ್ಟರಲ್ಲಿ ಅವರಿಗೆ ಇನ್ನೊಂದು ಕಾಲ್ ಬಂತು.

ಎರಡನೆಯವರು ಕಥೆ ಕೇಳಲೇ ಇಲ್ಲ, ಪುಟ ಕೇಳಿದರು. ಡೆಮಿ ಸೈಜಿನಲ್ಲಿ 416 ಅಂದೆ. ಹದಿನಾರು ಪುಟಕ್ಕೆ ಅಚ್ಚಿನ ಒಂದು ಫಾರಂ, ಒಟ್ಟು 26 ಫಾರಂ ಅಂತ ಬಾಯಲ್ಲೇ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. "ಪಾತಾಳ ಸ್ವಲ್ಪ ಕಮ್ಮಿ ಮಾಡೋಕಾಗಲ್ವಾ?" ಹಿಂದೆ ಸಾವಿರ ಪ್ರತಿ ಹಾಕಿಸುತ್ತಿದ್ದರಂತೆ, ಈಗ ಹೊಸಬರದ್ದು 300 ಹಾಕಿಸಲೂ ಧೈರ್ಯ ಸಾಲದಂತೆ, ಸರ್ಕಾರಿ ಲೈಬ್ರರಿಗಳ ಸಗಟು ಖರೀದಿಯ ದುಡ್ಡು ಯಾವಾಗ ಬರುತ್ತೋ ದೇವರಿಗೇ ಗೊತ್ತಂತೆ, ಅದಕ್ಕೇ 200 ಪ್ರತಿ ನಾನೇ ಕೊಂಡುಕೊಂಡರೆ ಒಳ್ಳೇದಂತೆ. ಆ ರಾತ್ರಿ ಮಗಳ ಮದುವೆ ಲಿಸ್ಟ್ ತೆಗೆದು ನೆಂಟರನ್ನು ಎಣಿಸಿದೆ. ಊಟಕ್ಕೆ 600 ಜನ ಬಂದಿದ್ದರು. ಪುಸ್ತಕಕ್ಕೆ 11 ಆದರು. ಅದೂ ಕನ್ನಡಕ ಸಿಕ್ಕ ದಿನ ಮಾತ್ರ ಓದುವ ಸೋದರತ್ತೆಯನ್ನು ಸೇರಿಸಿ.

ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ ಅಂತ ಗೆಳತಿ ಹೇಳಿದಳು. ಹೋಗಿ ನೋಡಿದರೆ ಅದು ಯುವ ಬರಹಗಾರರಿಗೆ. ನನಗೆ 52. ಸುಮ್ನೆ ವಾಪಸ್ ಬಂದೆ.

ಮೂರನೆಯ ಕಡೆ, ಅಪ್ಪನ ಪ್ರಕಾಶನವನ್ನು ಹೊಸದಾಗಿ ನೋಡಿಕೊಳ್ಳುತ್ತಿರುವ ಹುಡುಗ, ಫೈಲ್ ಕಳಿಸಿ ಅಂದ. ಕಳಿಸಿದೆ. ಅದರಲ್ಲಿ ಮೊದಲ ಮೂರು ಅಧ್ಯಾಯ ಹಳೇ ಕಂಪ್ಯೂಟರಿನಲ್ಲಿ ಹಳೇ ನುಡಿ ಫಾಂಟಿನಲ್ಲಿ ಕುಟ್ಟಿದ್ದು, ಉಳಿದದ್ದು ಮೊಬೈಲಿನಲ್ಲಿ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲಿ. ಹಳೇ ನುಡಿಯದ್ದನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡ ಮಾಯವಾಗಿ, ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಕುಣಿಯುತ್ತವೆ. "ನ" ಇದ್ದಲ್ಲೆಲ್ಲ ಪೌಂಡ್ ಚಿಹ್ನೆ. ಇದು ನನಗೆ ನೆನಪಾಗಿದ್ದು ಅವನ ಫೋನ್ ಬಂದಾಗ.

"ಪಾತಾಳದವರಿಗೆ ಅವರದ್ದೇ ಲಿಪಿ ಮಾಡಿದ್ದೀರಲ್ಲ ಆಂಟಿ, ಸೂಪರ್! ಆದ್ರೆ ಮೂರು ಅಧ್ಯಾಯ ಪೂರ್ತಿ ಅದ್ರಲ್ಲೇ ಇದ್ರೆ ಓದುಗರಿಗೆ ಕಷ್ಟ ಆಗಲ್ವಾ?"

ನಿಜ ಹೇಳಬೇಕಿತ್ತು. "ಅದೊಂದು ಪ್ರಯೋಗ ಕಣಪ್ಪಾ" ಅಂದುಬಿಟ್ಟೆ.

ಕೊನೆಗೊಂದು ಪದಕೋಶ ಹಾಕಿಕೊಡಿ ಆಂಟಿ, ಶುಕ್ರವಾರ ಅಪ್ಪನಿಗೆ ತೋರಿಸ್ತೀನಿ ಅಂದ. ಅವರಪ್ಪ 30 ವರ್ಷ ಕನ್ನಡ ಡಿಟಿಪಿ ಮಾಡಿಸಿದವರು. ಇವತ್ತು ಬುಧವಾರ.